ಏಳನೇ ನಂಬರಿನ ಬಾಣ

ಹತ್ತೊಂಬತ್ತನೆಯ ಟೋಪಿಯನ್ನೂ ಕೆಳಗಿಟ್ಟು ದೀನದಯಾಳನ್ ಕನ್ನಡಿಯ ಕಡೆ ನೋಡಿದಾಗ ಅದರೊಳಗಿದ್ದ ಮನುಷ್ಯ ಬರಿದಲೆಯಲ್ಲಿದ್ದ. ತಿರುಪ್ಪೂರಿನಲ್ಲಿ ಹಡಗು ಹತ್ತದೆ ಉಳಿದ ಮಾಲನ್ನೆಲ್ಲ ಗುಡ್ಡೆ ಹಾಕಿ ಮಾರುವ ಬೀದಿ ಅದು. ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೇ ಅಲ್ಲಿ ಅರ್ಧ ತಮಿಳುನಾಡು ಬಂದು ಇನ್ನರ್ಧದ ಕಾಲು ತುಳಿಯುತ್ತಿತ್ತು. ಹತ್ತೊಂಬತ್ತನೆಯದು ಬೂದು ಬಣ್ಣದ ಹತ್ತಿಯ ಟೋಪಿ, ಬೆಲೆ ಇನ್ನೂರೈವತ್ತು, ತಲೆಯ ಅಳತೆ ತೆಗೆದು ಹೊಲಿದ ಹಾಗೆ ಕೂತಿತ್ತು. ಆದರೆ ಅದರ ಆರು ಹೋಳುಗಳು ನೆತ್ತಿಯಲ್ಲಿ ಕೂಡುವ ಕಡೆ ಒಂದು ಹೋಳು ಅರ್ಧ ಎಳೆಯಷ್ಟು ಪಕ್ಕಕ್ಕೆ ಜರುಗಿತ್ತು. ಆ ಜಾಗದ ಮೇಲೆ ಬಟ್ಟೆಯ ಗುಂಡಿ ಬೇರೆ ಹೊಲಿದಿದ್ದರು. ಗುಂಡಿಯ ಅಡಿಯ ಅರ್ಧ ಎಳೆಯನ್ನು ಕಾಣಬಲ್ಲವನು ಈ ಭೂಮಿಯ ಮೇಲೆ ಒಬ್ಬನೇ ಹುಟ್ಟಿದ್ದ, ಅವನೇ ಆ ಟೋಪಿಯನ್ನು ಕೊಳ್ಳಲು ಬಂದಿದ್ದ. ಅವನ ಕಣ್ಣೆಂದರೆ ಅವಿನಾಶಿಯಲ್ಲಿ ನಿಂತು ಪಲ್ಲಡದಲ್ಲಿ ಒಣಹಾಕಿದ ಬನಿಯನ್ನಿನ ಬಿಟ್ಟ ಹೊಲಿಗೆಗಳನ್ನು ಎಣಿಸುವ ಕಣ್ಣು. ಜರ್ಮನಿಯಿಂದ ಬರುವ ಖರೀದಿದಾರರು ಅವನೆದುರು ಕೂರುವ ಮೊದಲು ತಮ್ಮ ಕೋಟು ಬಿಚ್ಚಿ ಮಡಿಲಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದರು. ಟೋಪಿ, ಬನಿಯನ್ನು ಕಳಿಸುವ ರಫ್ತು ಕಂಪೆನಿಯೊಂದರ ಕೊನೆಯ ಚೆಕ್ಕಿಂಗ್ ಮೇಜಿನಲ್ಲಿ ಇಪ್ಪತ್ತೆರಡು ವರ್ಷ ಅವನು ಮಾಡಿದ್ದು ಒಂದೇ ಕೆಲಸ: ದೋಷ ಕಂಡ ಕಡೆಗೆ ತುದಿ ಮಾಡಿ ಉಗುರಿನಷ್ಟು ಉದ್ದದ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸುವುದು. ಬೇರೆ ಚೆಕ್ಕರುಗಳ ಬಾಣ ಬರೀ ಬಾಣ. ಇವನದರ ಮೇಲೆ ಇವನ ನಂಬರು, ಏಳು, ನೀಲಿ ಬಾಲ್‌ಪೆನ್ನಿನಲ್ಲಿ. ಹಾಗೆ ಬರೆಯಬೇಕೆಂದು ಯಾರೂ ಹೇಳಿರಲಿಲ್ಲ. ಭಾನುವಾರವೂ ಆ ಸ್ಟಿಕ್ಕರಿನ ಸುರುಳಿ ಅಂಗಿಯ ಜೇಬಿನಲ್ಲಿರುತ್ತಿತ್ತು, ಬೇರೆಯವರ ಜೇಬಿನಲ್ಲಿ ಬೀಡಿಕಟ್ಟು ಇರುವ ಹಾಗೆ.

ನಿಜ ಹೇಳಬೇಕೆಂದರೆ ಟೋಪಿಯ ಅಗತ್ಯವೇ ಅವನಿಗಿರಲಿಲ್ಲ. ನಲವತ್ತೊಂಬತ್ತರಲ್ಲೂ ಬಾಚಣಿಗೆಯ ಹಲ್ಲು ಮುರಿಯುವಂಥ ಕೂದಲು. ಟೋಪಿ ಬೇಕಾದ ತಲೆ ಕೊಯಮತ್ತೂರಿನಲ್ಲಿತ್ತು, ಅವನ ಷಡ್ಡಕ ನಂಜುಂಡನ್ನನ ಕತ್ತಿನ ಮೇಲೆ. ಕಾಂಗೇಯದ ಎಣ್ಣೆಗಿರಣಿಯಿಂದ ಆಗತಾನೆ ಮಿಂದು ಬಂದಂತೆ ಹೊಳೆಯುವ ತಲೆ, ಅದರಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು. ತಲೆತುಂಬ ಕೂದಲಿದ್ದವನು ಬೋಳುತಲೆಯವನನ್ನು ಕಂಡು ಹೊಟ್ಟೆ ಉರಿಸಿಕೊಂಡದ್ದು ಭವಾನಿ ಹೊಳೆ ಹರಿಯತೊಡಗಿದಂದಿನಿಂದ ಇದೇ ಮೊದಲಿರಬೇಕು. ಮೋಟಾರ್ ವೈಂಡಿಂಗ್ ಅಂಗಡಿಯ ನಂಜುಂಡನ್ ಒಂದು ವರ್ಷದಿಂದ ಟೋಪಿ ಕೂಡಿಸುತ್ತಿದ್ದ. ತಾಮ್ರದ ತಂತಿಯ ಕೊಕ್ಕೆ ಬಗ್ಗಿಸಿ ನಡುಮನೆಯ ಗೋಡೆಗೆ ಒಂಬತ್ತು ಟೋಪಿ ನೇತುಹಾಕಿದ್ದ, ಒಂಬತ್ತೂ ಬೇರೆ ಬೇರೆ ಬಗೆಯವು. ಹೋದ ತಿಂಗಳು ದೀನದಯಾಳನ್ ಹೆಂಡತಿ ನಿತ್ಯಾಳೊಡನೆ ಅಲ್ಲಿಗೆ ಹೋದಾಗ ನಂಜುಂಡನ್ ಗೋಡೆಯಿಂದ ಒಂದನ್ನು ತೆಗೆದು ಅವಳ ತಲೆಗಿಟ್ಟು, "ಪಾರ್ ಮಾ, ನೋಡ್ಕೋ, ಊಟಿಗೆ ಹೊರಟ ರಾಣಿ ಹಂಗೆ ಇದೀಯ" ಎಂದ. ಆಗ ನಿತ್ಯಾ ನಕ್ಕಳು. ಮೂಗಿನಿಂದ ಶುರುವಾಗಿ ಹೆಗಲವರೆಗೂ ಇಳಿದ ನಗೆ. ದೀನದಯಾಳನ್ ಅದನ್ನು ಗುರುತು ಹಿಡಿದ. ಎಲ್ಲೋ ಕೇಳಿದ್ದೇನಲ್ಲ ಎನ್ನಿಸಿ, ತನ್ನ ಮದುವೆಯ ಮೊದಲ ವರ್ಷಕ್ಕೆ ಹೋಗಿ ಹುಡುಕಬೇಕಾಯಿತು. "ನಾನೂ ಕಲೆಕ್ಷನ್ ಶುರುಮಾಡ್ತಿದೀನಿ" ಎಂದು ಅವನ ಬಾಯಿಂದ ಬಂದುಬಿಟ್ಟಿತು, ಆ ಕ್ಷಣದವರೆಗೂ ಅವನಿಗೇ ಗೊತ್ತಿರಲಿಲ್ಲ. ನಿತ್ಯಾ ಟೋಪಿ ತೆಗೆದಳು, ನಗೆಯನ್ನೂ. "ನೀವಾ? ಒಂದು ಟೋಪಿ ಮನೆಗೆ ತನ್ನಿ ಪಾಕ್ಕಲಾಂ, ನೋಡೋಣ. ಒಂದೇ ಒಂದು. ಗುಣ ಚೆನ್ನಾಗಿದೆ ಅಂತ ನೀವೇ ಒಪ್ಪಿ ತರಬೇಕು."

"ಸಗಲೈಗೆ ಒಂದು ತಿಂಗಳು ಟೈಮ್ ಕೊಡಣ," ಎಂದಿದ್ದ ನಂಜುಂಡನ್. ಷಡ್ಡಕನಿಗೆ ಅಲ್ಲಿ ಸಗಲೈ ಎನ್ನುತ್ತಾರೆ. "ನನ್ನ ಹತ್ತನೇ ಟೋಪಿಗೆ ಊಟ ಹಾಕ್ತೀನಿ. ಅವತ್ತು ತರಲಿ."

ಆ ಊಟ ಇವತ್ತು ಮಧ್ಯಾಹ್ನ. ಅಕ್ಕ ರುಕ್ಮಣಿಗೆ ಒಬ್ಬಟ್ಟು ತಟ್ಟಲು ನೆರವಾಗುತ್ತೇನೆಂದು ನಿತ್ಯಾ ನಿನ್ನೆಯೇ ಬಸ್ಸು ಹತ್ತಿದ್ದಳು. ಈ ಒಂದು ತಿಂಗಳಲ್ಲಿ ದೀನದಯಾಳನ್ ಟೋಪಿಶಾಸ್ತ್ರದಲ್ಲಿ ಎಷ್ಟು ಮುಂದೆ ಹೋಗಿದ್ದನೆಂದರೆ ಇಂಗ್ಲೆಂಡಿನ ದೊರೆ ಬಂದು ಕಾಲು ಹಿಡಿದು ಕೇಳಬೇಕಾಗಿತ್ತು. ಕಲೆಕ್ಷನ್ ಶುರುಮಾಡುವವನು ಹತ್ತು ಕಳಪೆ ಟೋಪಿ ಕೊಳ್ಳಬಾರದು, ಮೂರು ಒಳ್ಳೆಯದು ಕೊಳ್ಳಬೇಕು: ಬಿಸಿಲಿಗೊಂದು ಅಗಲ ಅಂಚಿನದು, ದಿನಬಳಕೆಗೊಂದು ಹತ್ತಿಯದು, ಚಳಿಗೊಂದು ಉಣ್ಣೆಯದು. ಯಾವುದೂ ಐನೂರು ದಾಟಬಾರದು. ಮೊದಲು ಹೊರಗನ್ನಲ್ಲ, ಒಳಗನ್ನು ನೋಡಬೇಕು, ಬೆವರು ಹೀರುವ ಪಟ್ಟಿ ಅಂಟಿಸಿದ್ದೋ ಹೊಲಿದದ್ದೋ ಎಂದು. ಅಂಟಿಸಿದ್ದು ಮೊದಲ ಬೇಸಿಗೆಗೇ ಕಿತ್ತು ಬರುತ್ತದೆ. ಅಂಚನ್ನು ಮುಷ್ಟಿಯಲ್ಲಿ ಹಿಂಡಿ ಬಿಟ್ಟರೆ ಅದು ತಾನಾಗಿ ಮೊದಲಿನ ಆಕಾರಕ್ಕೆ ಬರಬೇಕು. ಕಿವಿಯ ಮೇಲೆ ಒಂದು ಬೆರಳು ಬಿಟ್ಟು ಟೇಪು ಸುತ್ತಿ ತಲೆಯ ಅಳತೆ ತೆಗೆದು, ಅದಕ್ಕಿಂತ ಒಂದು ಬೆರಳ ಸಡಿಲ ಇಟ್ಟುಕೊಳ್ಳಬೇಕು. ಇದೆಲ್ಲ ಗೊತ್ತಿದ್ದೂ ನಾಲ್ಕು ಭಾನುವಾರ ಬರಿಗೈಯಲ್ಲಿ ಮನೆಗೆ ಹೋಗಿದ್ದ. ಕೈಗೆ ಬಂದ ಪ್ರತಿ ಟೋಪಿಯನ್ನೂ ಬೆರಳು ಮೊದಲು ಮುಟ್ಟುತ್ತಿತ್ತು, ಮನಸ್ಸು ಆಮೇಲೆ. ಮನಸ್ಸು ಬರುವಷ್ಟರಲ್ಲಿ ಬೆರಳು ದೋಷದ ಮೇಲೆ ಕೂತಿರುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ನಿತ್ಯಾ ಮೊಸರು ಹಾಕುತ್ತ ಅವನ ತಲೆಯನ್ನು ಒಮ್ಮೆ ನೋಡುತ್ತಿದ್ದಳು, ಅಷ್ಟೇ.

ಇವತ್ತು ಬಂದದ್ದು ಬೀದಿಯ ಕೊನೆಯ ಅಂಗಡಿ, ಹಿಂದೆಂದೂ ಒಳಗೆ ಕಾಲಿಟ್ಟಿರಲಿಲ್ಲ. ಅಂಗಡಿಯ ಮುದುಕ ಪೆರಿಯಸಾಮಿ ಹತ್ತೊಂಬತ್ತು ಟೋಪಿಗಳೂ ಒಂದೊಂದಾಗಿ ಗುಡ್ಡೆಗೆ ವಾಪಸು ಬೀಳುವುದನ್ನು ಟೀ ಕುಡಿಯುತ್ತ ನೋಡಿದ. ಆಮೇಲೆ ತಮಿಳಿನಲ್ಲಿ, ಜ್ಯೋತಿಷಿ ಕೈ ನೋಡಿ ಹೇಳುವ ಗತ್ತಿನಲ್ಲಿ ಕೇಳಿದ:

"ಅಣ್ಣಾ, ತಪ್ಪು ತಿಳೀಬೇಡಿ. ನೀವು ಆ ಕಂಪೆನಿಯ ಏಳನೇ ನಂಬರಾ?"

ದೀನದಯಾಳನ್ನನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಮೇಲಿನ ಗುಂಡಿ ಹಾರಿ ಎದುರಂಗಡಿಗೆ ಬೀಳುವುದರಲ್ಲಿತ್ತು. "ಹೌದು. ಹೇಗೆ ಗೊತ್ತು?"

"ಟೋಪಿ ಹಿಡಿಯೋ ಕೈ ನೋಡಿ ಅನ್ಕೊಂಡೆ. ನಿಮ್ಮ ಕೈಯಲ್ಲಿ ಫೇಲಾದ ಟೋಪಿ ಪೂರಾ ನಮ್ಮ ಅಂಗಡಿಗೇ ಬರೋದಣ್ಣಾ. ಬಂದ ದಿನವೇ ಖಾಲಿ! ಅದಕ್ಕೇ ಗುಡ್ಡೆಯಲ್ಲಿ ಒಂದೂ ಇಲ್ಲ."

"ಫೇಲಾದದ್ದನ್ನು ಯಾರು ಕೊಳ್ತಾರೆ?"

"ಗೊತ್ತಿರೋರು ಅದನ್ನೇ ಕೇಳ್ತಾರೆ. ಪಾಸಾದ ಮಾಲು ಅಂತ ಗ್ಯಾರಂಟಿ ಕೊಟ್ಟು ಮಾರ್ತಾರಲ್ಲ, ಅದರಲ್ಲಿ ಎಷ್ಟು ತಪ್ಪಿದೆಯೋ ಯಾರಿಗೆ ಗೊತ್ತು? ಏಳನೇ ನಂಬರಿನ ಬಾಣ ಇದ್ರೆ ತಪ್ಪು ಒಂದೇ. ಅದೂ ಎಲ್ಲಿದೆ ಅಂತ ನೀವೇ ತೋರ್ಸಿರ್ತೀರಿ. ಉಳಿದದ್ದು ಬಂಗಾರ. ಎಂಟುನೂರರ ಟೋಪಿ ನೂರೈವತ್ತಕ್ಕೆ." ಪೆರಿಯಸಾಮಿ ಟೀ ಲೋಟ ಕೆಳಗಿಟ್ಟ. "ನನಗೆ ಇದನ್ನ ಹೇಳ್ಕೊಟ್ಟದ್ದು ಕೊಯಮತ್ತೂರಿನ ಒಬ್ಬ ಗಿರಾಕಿ. ಮೋಟಾರ್ ವೈಂಡಿಂಗ್ ಅಂಗಡಿಯವರು. ತಲೆ ಹಿಂಗೆ, ಮಿನಮಿನ ಅಂತದೆ. ಏಳನೇ ನಂಬರಿನದು ಬಂದ್ರೆ ಫೋನ್ ಮಾಡು, ಸ್ಟಿಕ್ಕರ್ ಕೀಳಬೇಡ ಅಂತ ಹೇಳಿಟ್ಟಿದಾರೆ. ಹೋದ ವಾರ ಕೂಡ ಒಂದು ಹೆಂಗಸರ ಟೋಪಿ ತಗೊಂಡ್ರು, ಅಗಲ ಅಂಚು, ಗಲ್ಲಕ್ಕೆ ದಾರ."

ದೀನದಯಾಳನ್ ಹೊರಗೆ ಬಂದ. ಬಿಸಿಲು ನೆತ್ತಿಯ ಮೇಲೆ ಬಿದ್ದು ಕೂದಲ ಬುಡವನ್ನೆಲ್ಲ ಒಂದೊಂದಾಗಿ ಸುಡುತ್ತಿತ್ತು. ಹೋದ ತಿಂಗಳು ಆ ಗೋಡೆಯ ಮುಂದೆ ಅರ್ಧ ಗಂಟೆ ನಿಂತಿದ್ದನಲ್ಲ, ಒಂಬತ್ತು ಟೋಪಿಯೂ ತನ್ನ ಕೈಯಲ್ಲಿ ಹಾದು ಹೋದವು, ಒಂದನ್ನಾದರೂ ಗುರುತಿಸಲಿಲ್ಲವಲ್ಲ! ಅವನು ಟೋಪಿಗಳನ್ನು ನೋಡಿಯೇ ಇರಲಿಲ್ಲ. ನಿತ್ಯಾಳ ನಗೆಯನ್ನು ನೋಡುತ್ತಿದ್ದ, ಅದು ಯಾರ ಕಡೆಗೆ ತುದಿ ಮಾಡಿದೆ ಎಂದು. ಸ್ಕೂಟರ್ ಶುರುಮಾಡುವಾಗ ಮೊದಲು ಬಂದದ್ದು ಅವಮಾನ. ಅವಿನಾಶಿ ತಲಪುವಷ್ಟರಲ್ಲಿ ಅದು ಸಂತೋಷವಾಗಿತ್ತು. ಸಿಕ್ಕಿಬಿದ್ದ ನಂಜುಂಡನ್! ನಾನು ಗುಡಿಸಿ ಹೊರಗೆ ಹಾಕಿದ ಕಸವನ್ನು ಗೋಡೆಗೆ ನೇತುಹಾಕಿ ಊರಿಗೆಲ್ಲ ತೋರಿಸುತ್ತಿದ್ದಾನೆ. ಊಟದ ನಡುವೆ, ಎರಡನೆಯ ಒಬ್ಬಟ್ಟು ಬೀಳುವಾಗ, ಮೆಲ್ಲಗೆ ಹೇಳಬೇಕು: ಅಣ್ಣಾ, ಆ ಟೋಪಿಗಳನ್ನೊಮ್ಮೆ ತಿರುಗಿಸಿ ತೋರಿಸಿ. ನಿತ್ಯಾ ನೋಡುತ್ತಾಳೆ. ಅವಳ ಮುಖ ಹೇಗಾಗುತ್ತದೆಂದು ಊಹಿಸಿಕೊಳ್ಳಲು ಹೋದ, ಅವನಿಗೆ ಸಿಕ್ಕಿದ್ದು ಅವಳದೇ ಬೇರೆ ಮುಖ, ಇಪ್ಪತ್ತೊಂದು ವರ್ಷ ಹಿಂದಿನದು. ಸಿರುಮುಗೈಯ ಮನೆಯಲ್ಲಿ ಅಪ್ಪನ ಪಕ್ಕದ ಮಗ್ಗದಲ್ಲಿ ಕೂತು ತನ್ನ ಮದುವೆಯ ಸೀರೆಯನ್ನು ತಾನೇ ನೇಯ್ದುಕೊಂಡ ಹುಡುಗಿ. ಅರಿಶಿನ ಬಣ್ಣದ ರೇಷ್ಮೆ, ಮಾವಿನಕಾಯಿ ಸೆರಗು, ಆ ಸೀರೆ ಉಟ್ಟು ನಡೆದರೆ ಹೊಳೆಯ ಮೀನುಗಳು ದಡಕ್ಕೆ ಬಂದು ನೋಡುತ್ತಿದ್ದವು ಎಂದು ಸಿರುಮುಗೈಯವರು ಇವತ್ತಿಗೂ ಆಣೆ ಮಾಡುತ್ತಾರೆ. ಮೊದಲ ದೀಪಾವಳಿಗೆ ಅದನ್ನುಟ್ಟು ಅವನ ಮುಂದೆ ಒಂದು ಸುತ್ತು ತಿರುಗಿ ನಿಂತಿದ್ದಳು. ಅವನ ಕೈ ಜೇಬಿಗೆ ಹೋಗಿತ್ತು. ತಮಾಷೆಗೆ, ದೇವರಾಣೆ ತಮಾಷೆಗೆ, ಸೆರಗಿನ ಮೂಲೆಯಲ್ಲಿ ಒಂದು ಬಾಣ ಅಂಟಿಸಿದ್ದ: ಅಲ್ಲೊಂದು ಎಳೆ ತಪ್ಪಿತ್ತು. ಅವಳು ಬಗ್ಗಿ ನೋಡಿದಳು. ಬೆಳಕಿಗೆ ಹಿಡಿದು ಮತ್ತೊಮ್ಮೆ ನೋಡಿದಳು. "ಆಮಾ. ಇದೆ," ಎಂದಳು. ಹೌದು ಎಂದಷ್ಟೇ, ಬೇರೇನೂ ಇಲ್ಲ. ಮತ್ತೆ ಆ ಸೀರೆಯನ್ನು ಅವಳು ಉಟ್ಟದ್ದನ್ನು ಅವನು ನೋಡಲಿಲ್ಲ, ತವರಿಗೆ ಹೋದಾಗ ಮಗ್ಗಕ್ಕೆ ಕೂತದ್ದನ್ನೂ. ಹಿಂದಿದ್ದ ಲಾರಿ ಹಾರನ್ ಹೊಡೆಯಿತು. ಅವನು ರಸ್ತೆಯ ನಡುವೆ ನಿಧಾನವಾಗಿಬಿಟ್ಟಿದ್ದ.

ನಂಜುಂಡನ್ನನ ಮನೆಯ ಬಾಗಿಲಲ್ಲೇ ನಿತ್ಯಾ ಎದುರಾದಳು, ಮೊಣಕೈವರೆಗೂ ಹಿಟ್ಟು. ಅವನ ತಲೆ ನೋಡಿದಳು, ಆಮೇಲೆ ಎರಡು ಕೈ, ಆಮೇಲೆ ಸ್ಕೂಟರಿನ ಬುಟ್ಟಿ.

"ಏನುಂಗ, ಟೋಪಿ ಎಲ್ಲಿ?"

"ಒಂದೂ ಸರಿಯಿಲ್ಲ."

"ಸರಿ ಬುಡಿ. ಕೈಕಾಲು ತೊಳ್ಕೊಳ್ಳಿ."

ಒಳಗೆ ಗೋಡೆ ಹಾಗೇ ಇತ್ತು, ಹತ್ತನೆಯ ಕೊಕ್ಕೆ ಖಾಲಿ. ಈ ಸಲ ಅವನು ಟೋಪಿಗಳನ್ನೇ ನೋಡಿದ, ಹತ್ತು ಹೆಜ್ಜೆ ದೂರದಿಂದ. ನೀಲಿಯದರ ಕಿವಿಯ ಬಳಿ ಗಾಳಿಯಾಡುವ ಕಣ್ಣು ಒಂದು ನೂಲು ಕೆಳಗೆ. ಉಣ್ಣೆಯದರ ಹಿಂಬದಿ ಒಂದು ಕುಣಿಕೆ ಸಡಿಲ. ಹುಲ್ಲಿನದರಲ್ಲಿ ಒಂದು ಕಡ್ಡಿಯ ಬಣ್ಣ ಉಳಿದವಕ್ಕಿಂತ ಕೂದಲಿನಷ್ಟು ತಿಳಿ. ಎಲ್ಲವೂ ಅವನವೇ. ಹಡೆದವರಿಗೂ ಮಕ್ಕಳ ಮಚ್ಚೆ ಅಷ್ಟು ಚೆನ್ನಾಗಿ ನೆನಪಿರುವುದಿಲ್ಲ. ಬೇರೆಯವನ ಮನೆಯ ಗೋಡೆಯ ಮೇಲೆ ಅವು ಎಷ್ಟು ನೆಮ್ಮದಿಯಾಗಿ ಕೂತಿದ್ದವು, ದೋಷವೇ ಇಲ್ಲದ ಹಾಗೆ! ಅವನ ಹೊಟ್ಟೆಯಲ್ಲಿ ಎದ್ದ ಉರಿಯ ಮೇಲೆ ನಿತ್ಯಾ ಒಬ್ಬಟ್ಟು ಬೇಯಿಸಬಹುದಿತ್ತು. ಎಲೆ ಹಾಕಿದರು. ಮೊದಲ ಒಬ್ಬಟ್ಟಿನ ಅಂಚು ಒಂದು ಕಡೆ ದಪ್ಪ. ಎರಡನೆಯದು ಬಿತ್ತು.

"ಅಣ್ಣಾ," ಎಂದ ದೀನದಯಾಳನ್, ದಾರಿಯುದ್ದಕ್ಕೂ ಹದ ಮಾಡಿದ ದನಿಯಲ್ಲಿ, "ಆ ಟೋಪಿಗಳನ್ನೊಂದು ಸಲ ತಿರುಗಿಸಿ ತೋರ್ಸಿ. ಒಳಗಡೆ."

ನಂಜುಂಡನ್ ಬಾಯಲ್ಲಿದ್ದುದನ್ನು ನುಂಗಿದ. ಆಮೇಲೆ ಆ ಬೋಳುತಲೆ ನೆತ್ತಿಯವರೆಗೂ ನಕ್ಕಿತು.

"ರುಕ್ಕೂ, ಸಗಲೈ ಕಂಡುಹಿಡಿದುಬುಟ್ಟ್ರು ಡೀ! ನಾನು ಹೇಳ್ಲಿಲ್ವಾ, ಒಂದು ದಿನ ಕಂಡುಹಿಡೀತಾರೆ ಅಂತ!" ಎಂಜಲ ಕೈಯಲ್ಲೇ ಎದ್ದು ಹೋಗಿ ಎಡಗೈಯಿಂದ ಒಂದೊಂದೇ ಟೋಪಿ ತಿರುಗಿಸಿದ. ಒಂಬತ್ತು ಕೆಂಪು ಬಾಣಗಳು, ಒಂಬತ್ತು ನೀಲಿ ಏಳುಗಳು. ಕಿತ್ತು ಹೋಗದಿರಲೆಂದು ಒಂದೊಂದರ ಮೇಲೂ ಪಾರದರ್ಶಕ ಟೇಪು ಬೇರೆ ಅಂಟಿಸಿದ್ದ. "ಇದು ಬಾಣ ಅಲ್ಲ ದೀನಾ, ಸರ್ಟಿಫಿಕೇಟು. ನನಗೆ ಟೋಪಿ ಬಗ್ಗೆ ಏನು ಗೊತ್ತು? ಅಂಗಡಿಗೆ ಹೋದ್ರೆ ಸಾವಿರ ಟೋಪಿ, ಯಾವುದು ಒಳ್ಳೇದು ಯಾವುದು ಓಟೆ? ನಿನ್ನ ಕಣ್ಣಿದೆಯಲ್ಲ, ಸಾಕು. ನೀನು ಬೇಡ ಅಂದದ್ದನ್ನ ಕಣ್ಮುಚ್ಚಿ ತಗೋತೀನಿ."

"ಆ ದೋಷ?"

"ಇರಲಿ ಬುಡು. ಒಂದು ಹೊಲಿಗೆ ಬಿಟ್ಟಿದೆ ಅಂತ ನನ್ನ ತಲೆಗೆ ಗೊತ್ತಾಗ್ತದಾ?" ತಲೆ ತಟ್ಟಿಕೊಂಡ, ಹಿತ್ತಾಳೆ ಬಿಂದಿಗೆಯಂಥ ಸದ್ದು ಬಂತು. "ಆದ್ರೆ ಇದು ನನ್ನ ಬುದ್ಧಿ ಅಲ್ಲಪ್ಪ. ನಿತ್ಯಾದು. ಹೋದ ವರ್ಷ ನನ್ನ ತಲೆ ಬಿಸಿಲಿಗೆ ಸುಟ್ಟು ಸಿಪ್ಪೆ ಏಳ್ತಿತ್ತಲ್ಲ, ಅವಾಗ ಹೇಳಿದ್ಲು. ಬಾವ, ಅವರು ಫೇಲ್ ಮಾಡಿದ್ದನ್ನ ಹುಡುಕಿ ತಗೊಳ್ಳಿ, ಅದಕ್ಕಿಂತ ಒಳ್ಳೇದು ಲೋಕದಲ್ಲೇ ಸಿಗಲ್ಲ ಅಂತ."

ಅವನು ನಿತ್ಯಾಳನ್ನು ನೋಡಿದ. ಅವಳು ತುಪ್ಪದ ಮಿಳ್ಳೆ ಹಿಡಿದು ಅವನ ಎಲೆಯ ಮೇಲೆ ಬಗ್ಗಿದ್ದಳು. ದಾರದಂತೆ ತುಪ್ಪ ಒಬ್ಬಟ್ಟಿನ ನಡುವೆ ಬಿದ್ದಿತು, ದಪ್ಪ ಅಂಚನ್ನು ಬಳಸಿಕೊಂಡು ಹರಿಯಿತು. ಒಂದು ವರ್ಷ ಅವಳು ಅವನಿಗೆ ಮೊಸರು ಹಾಕುತ್ತ ಇದನ್ನು ಗೊತ್ತಿಟ್ಟುಕೊಂಡಿದ್ದಳು. ಈಗ ಅವನಿಗೆ ನಂಜುಂಡನ್ನನ ಮೇಲಿದ್ದ ಉರಿ ಅಲ್ಲಿ ನಿಲ್ಲಲಿಲ್ಲ. ಅದು ಎದ್ದು ಗೋಡೆಗೆ ಹೋಯಿತು, ಒಂಬತ್ತು ಬಾಣಗಳ ಮೇಲೆ ಹೋಯಿತು. ಬೆವರು ಹತ್ತದಂತೆ ಟೇಪು ಹಾಕಿಸಿಕೊಂಡು ಈ ಮನೆಯಲ್ಲಿ ಬದುಕಿದ್ದವು ಅವು, ಅವನ ಕೈಬರಹದವು, ನಿತ್ಯಾಳ ಮೆಚ್ಚಿಗೆ ಪಡೆದವು. ತನ್ನ ನಂಬರಿನ ಮೇಲೆ ತಾನೇ ಹೊಟ್ಟೆಕಿಚ್ಚು ಪಡುವ ಮನುಷ್ಯ ಎಲ್ಲಿಗೆ ಹೋಗಿ ದೂರು ಕೊಡಬೇಕು?

"ಊಟ ಮಾಡಿ ತಂಬಿ, ಆರ್ತದೆ," ಎಂದಳು ರುಕ್ಮಣಿ. ಅವನ ಮುಖ ತಪ್ಪಿಸಿ ಎಲ್ಲೋ ನೋಡುತ್ತ, ನಗು ತಡೆದುಕೊಂಡು.

ಊಟವಾದ ಮೇಲೆ ನಂಜುಂಡನ್ ಬೀರುವಿನಿಂದ ಹತ್ತನೆಯದನ್ನು ತಂದ. ಖಾಕಿ ಬಣ್ಣ, ಅಗಲ ಅಂಚು, ಗಲ್ಲಕ್ಕೆ ಕಟ್ಟುವ ದಾರ. ಗೋಡೆಗೆ ಹಾಕಲಿಲ್ಲ. "ಇದು ಬುದ್ಧಿ ಹೇಳ್ಕೊಟ್ಟ ಗುರುಗಳಿಗೆ," ಎಂದು ನಿತ್ಯಾಳ ಕೈಗೆ ಕೊಟ್ಟ. ನಿತ್ಯಾ ಅದನ್ನು ತಲೆಗಿಟ್ಟುಕೊಂಡು ಕನ್ನಡಿಯ ಕಡೆ ಹೋಗಲಿಲ್ಲ. ನೇರವಾಗಿ ಗಂಡನ ಮುಂದೆ ಬಂದು, ಇಪ್ಪತ್ತೊಂದು ವರ್ಷದ ಹಿಂದೆ ತಿರುಗಿದ ಹಾಗೇ ಒಂದು ಸುತ್ತು ತಿರುಗಿ ನಿಂತಳು.

"ಏನುಂಗ, ಹೇಳಿ. ಇದರಲ್ಲಿ ಏನು ತಪ್ಪು? ಬಾಣ ನೋಡದೆ ಹೇಳಿ."

ಬಾಣ ಒಳಗಿತ್ತು, ಅವಳ ಕೂದಲಿಗೆ ಅಂಟಿಕೊಂಡು. ತಪ್ಪೇನೂ ಇಲ್ಲ ಎಂದುಬಿಡಬಹುದಿತ್ತು; ಬಾಯಿ ಹಾಗೆ ಹೇಳಲು ತೆರೆಯಿತು ಕೂಡ. ಹಾಗೆಂದರೆ ಅವಳು ನಗಬಹುದು, ಮೂಗಿನಿಂದ ಹೆಗಲವರೆಗೆ, ಅವನ ಕಡೆಗೆ. ಆದರೆ ಇಪ್ಪತ್ತೆರಡು ವರ್ಷದ ಕಣ್ಣು ಅವನು ತಡೆಯುವುದರೊಳಗೆ ಹೋಗಿ ಬಂದಿತ್ತು, ಅಂಚಿನ ಆರು ಸಾಲು ಹೊಲಿಗೆಯನ್ನು ಒಂದೇ ಉಸಿರಿಗೆ ಸುತ್ತಿ.

"ಮೂರನೇ ಸಾಲು. ಎಡಗಿವಿಯ ಮೇಲೆ. ಒಂದು ಹೊಲಿಗೆ ಬಿಟ್ಟಿದೆ."

ನಿತ್ಯಾ ಟೋಪಿ ತೆಗೆದಳು. ಕಿಟಕಿಯ ಹತ್ತಿರ ಹೋಗಿ ಬೆಳಕಿಗೆ ಹಿಡಿದಳು. ಹೊರಗಿನ ಮೂರನೇ ಸಾಲನ್ನು ಬೆರಳಿನಿಂದ ನಿಧಾನವಾಗಿ ಸವರುತ್ತ ಬಂದು ಎಡಗಿವಿಯ ಮೇಲೆ ನಿಂತಳು.

"ಆಮಾ. ಇದೆ," ಎಂದಳು.

ಅವನು ಕಾದ. ಅವಳು ಟೋಪಿಯನ್ನು ಮಡಿಸಿ ಚೀಲದ ಅಡಿಗೆ ತಳ್ಳುವುದನ್ನು ಕಾದ. ಅವಳೋ ಅದನ್ನು ಮತ್ತೆ ತಲೆಗಿಟ್ಟುಕೊಂಡು, ದಾರವನ್ನು ಗಲ್ಲದ ಕೆಳಗೆ ಎರಡು ಗಂಟು ಹಾಕಿ ಬಿಗಿದು, "ಹೊರಡೋಣ್ವಾ? ಬಿಸಿಲಿಳಿಯೋದ್ರೊಳಗೆ ಊರು ಸೇರಬೇಕು," ಎಂದಳು.

ಅವಿನಾಶಿ ರಸ್ತೆಯಲ್ಲಿ ಗಾಳಿ ಎದುರಾಗಿತ್ತು. ಟೋಪಿ ಹಾರದಿರಲೆಂದು ನಿತ್ಯಾ ತಲೆ ಬಗ್ಗಿಸಿ ಕೂತಿದ್ದಳು, ಅಂಚು ಅವನ ಬೆನ್ನಿಗೆ ಒತ್ತುತ್ತಿತ್ತು. ಎರಡು ಹೆಗಲಿನ ನಡುವೆ, ಸ್ವಲ್ಪ ಎಡಕ್ಕೆ. ಅವನು ಮುಂದೆ ಜರುಗಿ ಕೂತ. ಅದೂ ಬಂತು. ರಸ್ತೆಗುಂಡಿ ಬಂದಾಗ ಚುಚ್ಚಿತು, ಬ್ರೇಕು ಹಾಕಿದಾಗ ಚುಚ್ಚಿತು, ಸಿಗ್ನಲಿನಲ್ಲಿ ನಿಂತಾಗ ಸುಮ್ಮನೆ ಊರಿ ನಿಂತಿತು. ಹಿಂದೆ ಅವಳು ನಗುತ್ತಿದ್ದಾಳೋ ಇಲ್ಲವೋ ಗಾಳಿಯಲ್ಲಿ ಕೇಳಿಸುತ್ತಿರಲಿಲ್ಲ. ಐವತ್ತು ಕಿಲೋಮೀಟರು, ಒಂದೇ ಜಾಗ, ಬಾಣ ಅಂಟಿಸಿದ ಹಾಗೆ. ಅಲ್ಲೇನಿದೆ ಎಂದು ಕಣ್ಣು ಹಿಂದಕ್ಕೆ ತಿರುಗಲು ಹವಣಿಸಿ ಹವಣಿಸಿ ಕನ್ನಡಿಯಲ್ಲಿ ಖಾಕಿ ಅಂಚನ್ನು ಮಾತ್ರ ಕಂಡಿತು. ತನ್ನ ಬೆನ್ನನ್ನು ತಾನು ನೋಡಿಕೊಳ್ಳಲು ಅವನಿಗೆ ಬರುತ್ತಿರಲಿಲ್ಲ.